ಒಂದು ಬೇಡಿ, ಇಬ್ಬರು

ಆಫೀಸಿನಲ್ಲಿ ಅವಳಿಗೆ ‘ಕೊಲೆ ಅಕ್ಕ’ ಅಂತಲೇ ಹೆಸರು. ಪಾಪ, ಜಿರಳೆ ಕಂಡರೆ ಕುರ್ಚಿ ಹತ್ತುವ ಹೆಂಗಸು! ಪ್ರತಿ ಭಾನುವಾರದ ಪತ್ರಿಕೆಗೆ ಹಳೇ ಕಾಲದ ಸರಣಿ ಹಂತಕನೊಬ್ಬನ ಕಥೆ ಬರೆಯಬೇಕು, ಅದಕ್ಕಾಗಿ ನೆಲಮಾಳಿಗೆಯಲ್ಲಿ ಹಳೇ ಸಂಚಿಕೆಗಳ ಧೂಳು ಕುಡಿಯುತ್ತಾ ಕೂರಬೇಕು. ಓದುಗ ಮಹಾಶಯರಿಗೋ, ಎಷ್ಟು ಹೆಣ ಬಿದ್ದರೂ ಸಾಲದು.

ಈ ವಾರ ‘ಕರವಸ್ತ್ರದವನ’ ಸರದಿ. ಬಾಡಿಗೆ ಕೋಣೆಗಳಲ್ಲಿ ಒಂಟಿಯಾಗಿದ್ದವರನ್ನು ಕರವಸ್ತ್ರದಿಂದ ಕತ್ತು ಬಿಗಿದು ಸಾಯಿಸುತ್ತಿದ್ದ ಪಾಪಿ. ಅವನು ಸಿಕ್ಕಿಬಿದ್ದ ಮರುದಿನದ ಮುಖಪುಟ ತೆರೆದಳು. ಒಂದೇ ಬೇಡಿಗೆ ಕೈ ಕೊಟ್ಟು ನಿಂತ ಇಬ್ಬರು ಗಂಡಸರು. ಒಬ್ಬ ಕೋಟು ತೊಟ್ಟ, ನುಣ್ಣಗೆ ಗಡ್ಡ ಬೋಳಿಸಿದ ಸಭ್ಯಸ್ಥ. ಇನ್ನೊಬ್ಬನದು ಕೆದರಿದ ತಲೆ, ಹರಕು ಅಂಗಿ, ಗಾಯದಿಂದ ಸೀಳಿದ ಹುಬ್ಬು. ಅಡಿಬರಹ ಹೇಳುತ್ತಿತ್ತು: ‘ಎಡಕ್ಕೆ ಹಂತಕ, ಬಲಕ್ಕೆ ಅವನನ್ನು ಹಿಡಿದ ಪೊಲೀಸ್.’ ಎಡಕ್ಕಿದ್ದವನು, ಆ ಸೀಳುಹುಬ್ಬಿನವನು, ಅವಳ ಅಪ್ಪ.

ಅಪ್ಪ ಹಿಂದೆ ಪೊಲೀಸ್ ಆಗಿದ್ದದ್ದು ಅವಳಿಗೆ ಗೊತ್ತಿತ್ತು. ಯಾಕೆ ಬಿಟ್ಟ, ಯಾಕೆ ಊರಿಂದೂರಿಗೆ ಮನೆ ಬದಲಿಸಿದ, ಯಾಕೆ ಹೊಸ್ತಿಲು ದಾಟದೆ ಗಡಿಯಾರ ರಿಪೇರಿ ಮಾಡುತ್ತಾ ಕೂತ ಅಂತ ಕೇಳಿದರೆ ಮಾತ್ರ ಅಮ್ಮ, “ನಿಮ್ಮಪ್ಪಂಗೆ ಜನ ಅಂದ್ರೆ ಆಗಲ್ಲ” ಎಂದು ಬಾಯಿ ಮುಚ್ಚಿಸುತ್ತಿದ್ದಳು. ಅಮ್ಮ ಹೋದ ಮೇಲೆ, ಈಚೆಗಷ್ಟೇ, ಅಪ್ಪ ಸಂಜೆ ಪಾರ್ಕಿಗೆ ಚದುರಂಗ ಆಡಲು ಹೋಗತೊಡಗಿದ್ದ. ಬರುವಾಗ ಶಿಳ್ಳೆ ಬೇರೆ!

ಮನೆಗೆ ಬಂದವಳೇ ಕೇಳಿಬಿಟ್ಟಳು. ಅಪ್ಪ ಕೈಲಿದ್ದ ಚಿಮಟ ಕೆಳಗಿಟ್ಟ.

“ಭಿಕ್ಷುಕನ ವೇಷ ಹಾಕ್ಕೊಂಡು, ವಾರಗಟ್ಲೆ ಬೀದೀಲಿ ಬಿದ್ದಿದ್ದು ಹಿಡಿದೆ ಕಣಮ್ಮ ಅವನನ್ನ. ಆ ನನ್ಮಗ ಕೋಟು ಹಾಕಿದ್ದ. ಪತ್ರಿಕೆಯೋರು ಮುಖ ನೋಡಿ ಮಣೆ ಹಾಕಿದ್ರು.”

“ತಿದ್ದುಪಡಿ ಹಾಕಲಿಲ್ವಾ?”

“ಅಯ್ಯೋ, ಹಾಕಿದ್ರಲ್ಲ! ನನ್ನ ಮುಖ ಇಷ್ಟಗಲ ಮಾಡಿ, ಕೆಳಗೆ ‘ಈತ ಕೊಲೆಗಾರನಲ್ಲ’ ಅಂತ. ಜಾಗ ಸಾಲದೆ ‘ನಲ್ಲ’ ಕೆಳಗಿನ ಸಾಲಿಗೆ ಹೋಗಿತ್ತು. ಜನ ‘ಕೊಲೆಗಾರ’ವರೆಗೆ ಓದಿ ಪುಟ ತಿರುಗಿಸಿದ್ರು. ಮೊದಲ ದಿನ ನೋಡದೇ ಇದ್ದೋರೂ ಅವತ್ತು ನೋಡಿದ್ರು. ಬಸ್ಸಲ್ಲಿ ಪಕ್ಕದ ಸೀಟು ಖಾಲಿ, ಬಾಡಿಗೆಗೆ ಮನೆ ಇಲ್ಲ.” ಅಪ್ಪ ಅವಳ ಕೈ ಹಿಡಿದುಕೊಂಡ. “ಈಗ ಪಾರ್ಕಲ್ಲಿ ನನ್ನನ್ನ ಆಟಕ್ಕೆ ಕರೀತಾರೆ ಮಗಳೇ. ನಾನು ಯಾರು ಅಂತ ಆಫೀಸಲ್ಲಿ ಬಾಯಿ ಬಿಡಬೇಡ, ನನ್ನಾಣೆ.”

ಅತ್ತ ದರಿ, ಇತ್ತ ಪುಲಿ. ಕರವಸ್ತ್ರದವನು ಬರುತ್ತಾನೆಂದು ಸಂಪಾದಕ ಆಗಲೇ ಡಂಗುರ ಹೊಡೆಸಿಯಾಗಿತ್ತು. ಕಥೆ ಬದಲಿಸೋಣ ಎಂದರೆ ಯಾಕೆ ಅಂದ, ಫೋಟೋ ಬೇಡ ಎಂದರೆ “ತಲೆಗಿಲೆ ಕೆಟ್ಟಿದೆಯಾ?” ಅಂದ. ಯಾಕೆ ಎಂಬುದನ್ನೇ ಹೇಳುವಂತಿಲ್ಲವಲ್ಲ!

ಶನಿವಾರ ಲೇಖನದಲ್ಲಿ ಪೊಲೀಸಿನ ಸುದ್ದಿಯನ್ನೇ ಎತ್ತದೆ ಬರೆದು ಕಳಿಸಿದಳು. ಆಮೇಲೆ ಪುಟ ಕಟ್ಟುವವನಿಗೆ ಫೋನ್ ಮಾಡಿದಳು.

“ಅಣ್ಣಾ, ಆ ಫೋಟೋದಲ್ಲಿ ಕೊಲೆಗಾರ ಒಬ್ಬನೇ ಇರಲಿ. ಇನ್ನೊಬ್ಬರನ್ನ ಕತ್ತರಿಸಿಬಿಡಿ.”

“ಅಷ್ಟೇನಾ? ಆಯ್ತು ಬಿಡಕ್ಕ.”

ಅಬ್ಬಾ, ಗೆದ್ದೆ ಅಂದುಕೊಂಡಳು. ಅಪ್ಪನ ಮಾತು ಕೇಳಿದಂದಿನಿಂದ ಅವಳ ಪಾಲಿಗೆ ಕೊಲೆಗಾರ ಎಂದರೆ ಕೋಟಿನವನೊಬ್ಬನೇ. ಪುಟ ಕಟ್ಟುವವನಿಗೆ ಅದೆಲ್ಲ ಹೇಗೆ ಗೊತ್ತಾಗಬೇಕು? ಅವನು ಫೋಟೋದ ಕೆಳಗಿನ ಅಡಿಬರಹ ಓದಿದ, ಎಡಕ್ಕಿದ್ದವನನ್ನು ಇಟ್ಟುಕೊಂಡ, ಕತ್ತರಿಸಿ ಉಳಿದ ಜಾಗಕ್ಕೆ ಆ ಮುಖವನ್ನೇ ಹಿಗ್ಗಿಸಿದ. ಕೆಲಸದಲ್ಲಿ ಬಲು ಅಚ್ಚುಕಟ್ಟು ಮನುಷ್ಯ.

ಭಾನುವಾರ ಬೆಳಿಗ್ಗೆ ಅವಳು ಹಲ್ಲುಜ್ಜಿ ಬರುವಷ್ಟರಲ್ಲಿ ಅಪ್ಪ ಬಾಗಿಲಲ್ಲಿ ಪತ್ರಿಕೆ ಬಿಡಿಸಿಕೊಂಡು ನಿಂತಿದ್ದ. ಅರ್ಧ ಪುಟದ ತುಂಬ ಅದೇ ಸೀಳುಹುಬ್ಬು. ಕೆಳಗೆ ಅವಳ ಹೆಸರು.

“ಅಯ್ಯಯ್ಯೋ ಅಪ್ಪಾ! ನಾನು ಹಾಗೆ ಹೇಳಲಿಲ್ಲ...” ಅಳು ಒತ್ತರಿಸಿ ಬಂತು. ಫೋನ್ ಎತ್ತಿಕೊಂಡಳು. “ನಾಳೆಗೇ ತಿದ್ದುಪಡಿ ಹಾಕಿಸ್ತೀನಿ. ಈಗಲೇ ಹೇಳ್ತೀನಿ.”

ಅಪ್ಪ ಮೆಲ್ಲಗೆ ಫೋನ್ ಕಸಿದುಕೊಂಡ.

“ಬೇಡ ಕಣಮ್ಮ. ಇವತ್ತು ನೋಡದೇ ಇರೋರು ಒಂದಿಬ್ರಾದ್ರೂ ಇರ್ತಾರೆ. ಅವರಾದ್ರೂ ಉಳೀಲಿ.”

ಹೊರಗಿದ್ದ ತನ್ನ ಚಪ್ಪಲಿಯನ್ನು ಒಳಗೆ ತಂದಿಟ್ಟು, ಬಾಗಿಲ ಅಗುಳಿ ಹಾಕಿದ.