ಮೀಸೆ ಬರುವವರೆಗೆ

ಅಪ್ಪನ ತಿಥಿ ಮುಗಿದ ಮಾರನೇ ಬೆಳಿಗ್ಗೆ, ಚಿಕ್ಕಬಾಣಾವರದ ನಮ್ಮ ಮನೆ ಮುಂದೆ ಕಾರು ತೊಳೆದು ನಿಲ್ಲಿಸಿ, ಡ್ಯೂಟಿಗೆ ಹೊರಡೋಣವೆಂದು ಕ್ಯಾಬ್ ಕಂಪನಿಯ ಆ್ಯಪ್ ತೆರೆದೆ. ದಿನಾ ಡ್ಯೂಟಿಗೆ ಮೊದಲು ಅದಕ್ಕೆ ಮುಖ ತೋರಿಸಬೇಕು. ಕೆಲಸಕ್ಕೆ ಸೇರುವಾಗ ಕೊಟ್ಟ ಫೋಟೊದ ಜೊತೆ ಅದು ತಾಳೆ ನೋಡುತ್ತದೆ. ಆ ಫೋಟೊದಲ್ಲಿ ನನಗೆ ದಟ್ಟ ಕ್ರಾಪು, ತಿರುವಿಬಿಟ್ಟ ಮೀಸೆ. ಈಗ ಎರಡೂ ಇಲ್ಲ. ಹಿರಿಮಗ ಅಂತ ಕರ್ಮದ ದಿನ ಕೂರಿಸಿ ನುಣ್ಣಗೆ ಬೋಳಿಸಿದ್ದರು.

ಮುಖ ಹೊಂದುತ್ತಿಲ್ಲ ಅಂದಿತು ಆ್ಯಪ್. ಬಿಸಿಲಿಗೆ ಬಂದು ನಿಂತೆ. ಗದ್ದ ಎತ್ತಿದೆ, ಇಳಿಸಿದೆ, ಹಲ್ಲು ಕಿರಿದೆ. ಥೂ, ಈ ಡಬ್ಬಾ ಫೋನಿನ ಮುಂದೆ ಹಲ್ಲು ಕಿರಿಯುವ ಗತಿ ಬಂತಲ್ಲ ಅನ್ನಿಸಿತು. ಕೊನೆಗೆ ನನ್ನ ಹೆಸರಿನಲ್ಲಿ ಬೇರೆ ಯಾರೋ ಗಾಡಿ ಓಡಿಸಲು ನೋಡುತ್ತಿದ್ದಾರೆಂದು ಹೇಳಿ ಅಕೌಂಟನ್ನೇ ಬ್ಲಾಕ್ ಮಾಡಿತು. ನನ್ನ ಕಾರು, ನನ್ನ ಮನೆ ಬಾಗಿಲು, ಕಳ್ಳನೂ ನಾನೇ. ಗಾಡಿ ನಿಂತರೆ ನಮ್ಮ ಮನೆಯಲ್ಲಿ ಒಲೆಯೂ ನಿಂತ ಹಾಗೆಯೇ.

ಹೆಬ್ಬಾಳದಲ್ಲಿರುವ ಕಂಪನಿಯ ಆಫೀಸಿಗೆ ಹೋದೆ. ಇವತ್ತು ಯಾರಿಗಾದರೂ ಸರಿಯಾಗಿ ಉಗಿಯಬೇಕು ಅಂತಲೇ ಮೆಟ್ಟಿಲು ಹತ್ತಿದ್ದು. ಅಲ್ಲಿ ಕೂತಿದ್ದವರು ಕೀರ್ತಿ ಅಂತ, ಹುಬ್ಬಳ್ಳಿ ಕಡೆಯ ಹುಡುಗಿ. ನನ್ನ ತಲೆ ನೋಡಿ, ಯಾರು ಹೋದರು ಅಂತ ಮೆಲ್ಲಗೆ ಕೇಳಿ, ಕುಡಿಯಲು ನೀರು ಕೊಟ್ಟರು. ಜಗಳಕ್ಕೆ ಬಂದವನಿಗೆ ನೀರು ಕೊಟ್ಟರೆ ಅವನೇನು ಮಾಡಬೇಕು?

“ನೀವ ಅಂತ ನನಗ ಗೊತ್ತಾಗ್ತೈತ್ರಿ ಅಣ್ಣಾರ,” ಅಂದರು. “ಆದ್ರ ಲಾಕ್ ತೆಗಿಯೂದು ನನ್ನ ಕೈಯಾಗ ಇಲ್ರಿ.”

ಹೊಸ ಫೋಟೊ ಹಾಕಬಹುದಂತೆ. ಆದರೆ ಅದು ಲೈಸೆನ್ಸಿನ ಫೋಟೊಗೋ ಆಧಾರ್ ಫೋಟೊಗೋ ಹೊಂದಬೇಕಂತೆ. ಎರಡರಲ್ಲೂ ಅದೇ ಮೀಸೆ. ತಲೆ ಬೋಳಿಸುವ ಮೊದಲೇ ಆ್ಯಪಿನಲ್ಲಿ ಒಂದು ರಿಕ್ವೆಸ್ಟ್ ಹಾಕಿದ್ದರೆ ಸರಿಹೋಗುತ್ತಿತ್ತು ಅಂತ ಆಕೆ ಹೇಳಿದಾಗ ನನಗೆ ಮೈಯೆಲ್ಲ ಉರಿದುಹೋಯಿತು. ಪುರೋಹಿತರೇ, ಕರ್ಮ ಸ್ವಲ್ಪ ನಿಲ್ಲಿಸಿ, ಆ್ಯಪಿಗೆ ಒಂದು ಮಾತು ತಿಳಿಸಿ ಬರ್ತೀನಿ ಅನ್ನಬೇಕಿತ್ತಾ ಅಂತ ಕೇಳಿಯೇಬಿಟ್ಟೆ. ಆಕೆ ತಲೆ ತಗ್ಗಿಸಿದರು. ಬೈದರೂ ಬಾಗಿಲು ತೆರೆಯುವವರು ಅವರಲ್ಲ ಅಂತ ನನಗೂ ಗೊತ್ತಿತ್ತು. ಮೀಸೆ ಬರುವವರೆಗೆ ಕಾಯಿರಿ, ಬೇರೆ ದಾರಿ ಇಲ್ಲ ಅಂದರು.

ನನ್ನ ಹಾಗೆಯೇ ಕ್ಯಾಬ್ ಓಡಿಸುವ ಖಾದರ್ ಬಾಷಾನಿಗೆ ಫೋನು ಮಾಡಿ ಗೋಳು ಹೇಳಿಕೊಂಡೆ. ಹರಳೆಣ್ಣೆ ತಿಕ್ಕು ಗುರು, ಬೇಗ ಬರುತ್ತೆ ಅಂದ. ನಗುತ್ತಿದ್ದನೋ ಏನೋ. ನಾನಂತೂ ಯಶವಂತಪುರದಲ್ಲಿ ಕಾರು ನಿಲ್ಲಿಸಿ ಒಂದು ಬಾಟಲಿ ಕೊಂಡೆ. ಮನೆಗೆ ಬಂದು ಕನ್ನಡಿ ಮುಂದೆ ನಿಂತು ತುಟಿ ಮೇಲೆ ತಿಕ್ಕತೊಡಗಿದೆ.

ಅಮ್ಮ ಹಿಂದೆ ಬಂದು ನಿಂತು ಇದೇನು ಅಂತ ಕೇಳಿದಳು. ಎಲ್ಲ ಹೇಳಿದೆ. ಮೀಸೆ ಬಂದರೆ ಕೆಲಸ, ಇಲ್ಲದಿದ್ದರೆ ಇಲ್ಲ ಅಂದೆ. ಅವಳ ಕಿವಿಗೆ ಅದು ಬಿತ್ತೋ ಇಲ್ಲವೋ, ನನ್ನ ಮುಖವನ್ನೇ ನೋಡುತ್ತಿದ್ದಳು. ಕಾಯಿಲೆ ಬಿದ್ದ ಮೇಲೆ ಅಪ್ಪ ತಲೆಗೂದಲು, ಮೀಸೆ ಎರಡನ್ನೂ ತೆಗೆಸಿಬಿಟ್ಟಿದ್ದ. ಕೊನೆಯವರೆಗೂ ಹಾಗೇ ಇದ್ದ.

“ಬಿರ್ನೆ ಬೆಳಸ್ಬ್ಯಾಡ ಕಣಪ್ಪ,” ಅಂದಳು ಅಮ್ಮ. “ಇಂಗಿದ್ರೆ ನಿಮ್ಮಪ್ಪ ಮನೇಲೇ ಓಡಾಡ್ದಂಗಾಯ್ತದೆ. ಕೂದ್ಲು ಬಂದ್ಬುಟ್ರೆ ಅದೂ ಓಯ್ತದೆ.”

ಬೆರಳ ತುದಿಯಲ್ಲಿ ಎಣ್ಣೆ ಇನ್ನೂ ಇತ್ತು. ಅವಳೆದುರು ಅದನ್ನು ಹಚ್ಚಿಕೊಳ್ಳಲು ನನ್ನಿಂದ ಆಗಲಿಲ್ಲ, ಒರೆಸಿಕೊಳ್ಳಲೂ ಆಗಲಿಲ್ಲ.