ಸಾಗವಾನಿ ಎಣಿಸಿದ ದಿನ

ಮಳಗಿ ಹತ್ತಿರದ ತಾಂಡಾದಲ್ಲಿ ಲಾಲು ಮತ್ತು ಅವನ ಹೆಂಡತಿ ಧರ್ಮಿಬಾಯಿ ಜಗಳವಾಡದ ದಿನ ಅವರ ಮನೆಯ ಕೋಳಿಗಳಿಗೂ ಏನೋ ಕಳೆದುಕೊಂಡಂತಾಗುತ್ತಿತ್ತು. ಈಚೆಗೆ ಜಗಳಕ್ಕೆ ಒಂದೇ ಕಾರಣ, ದಿಬ್ಬದ ಹೊಲ. ಅಲ್ಲಿ ಗೋವಿನಜೋಳ ಬಿತ್ತಬೇಕೆಂದು ಲಾಲುವಿನ ಹಟ. ಧರ್ಮಿಬಾಯಿ ಹೋದ ಮಳೆಗಾಲದಲ್ಲೇ ಅರಣ್ಯ ಇಲಾಖೆಯ ನರ್ಸರಿಯಿಂದ ಸಾಗವಾನಿ ಸಸಿ ತಂದು ಹೊಲದ ತುಂಬ ನೆಟ್ಟುಬಿಟ್ಟಿದ್ದಳು. ಬದುಕಿದ ಸಸಿಗೆ ಸರ್ಕಾರ ದುಡ್ಡು ಕೊಡುತ್ತದೆಂದು ಅವಳು, ಕೊಡುವಷ್ಟರಲ್ಲಿ ನನ್ನ ಹಲ್ಲೆಲ್ಲ ಉದುರಿರುತ್ತವೆಂದು ಇವನು. ಕಡೆಗೆ ಹಿರಿಯರ ಎದುರು ಒಪ್ಪಂದವಾಯಿತು. ಇಲಾಖೆಯವರು ಎಣಿಸಲು ಬರುವ ದಿನ ಅರ್ಧಕ್ಕಿಂತ ಹೆಚ್ಚು ಸಸಿ ಸತ್ತಿದ್ದರೆ ಕಿತ್ತು ಜೋಳ, ಬದುಕಿದ್ದರೆ ಸಾಗವಾನಿ.

ಎಣಿಸಲು ಫಾರೆಸ್ಟ್ ಗಾರ್ಡ್ ಸುಭಾಸ ಬಂದ. ಬದುಕಿದ ಗಿಡಕ್ಕೆ ಸುಣ್ಣದ ಬೊಟ್ಟು ಇಡುವ ಕೆಲಸವನ್ನು ಲಾಲು ಕೇಳಿ ಪಡೆದ. ಹೆಂಡತಿ ಮೋಸ ಮಾಡಬಾರದಲ್ಲ!

ಬೇಸಿಗೆಯಾದ್ದರಿಂದ ಸಸಿಗಳು ಎಲೆ ಉದುರಿಸಿ ಬರೀ ಕೋಲಿನಂತೆ ನಿಂತಿದ್ದವು. ಲಾಲುವಿಗೆ ಸಿಳ್ಳೆ ಹೊಡೆಯುವಷ್ಟು ಖುಷಿ.

“ಇದು ಸತ್ತೈತ್ರಿ. ಇದೂ ಹೋತು. ಮುಂದ ನಡೀರಿ ಸಾಹೇಬರ.”

ಬಿಸಿಲಿಗೆ ಬೆಂದಿದ್ದ ಸುಭಾಸ ತಲೆಯಾಡಿಸುತ್ತ ನಡೆದ. ಬಕೆಟ್ಟಿನ ಸುಣ್ಣ ಇದ್ದಷ್ಟೇ ಇತ್ತು. ಧರ್ಮಿಬಾಯಿಯ ಮುಖ ಸಣ್ಣಗಾಯಿತು.

“ಗುಂಡಿ ತೋಡಿದಾವಂದ ತಪ್ಪು ಬಿಡ್ರಿ ಅಕ್ಕಾ,” ಸುಭಾಸ ಸಮಾಧಾನ ಹೇಳಿದ. “ಕೋಳಿ ಕೆದರಿದಂಗ ಕೆದರ್ಯಾನ. ಗಿಡ ಹೆಂಗ ಬದುಕ್ತಾವ?”

ಲಾಲು ನಿಂತಲ್ಲೇ ನಿಂತ. ಬೈಯುತ್ತ, ಬೆವರುತ್ತ ಹಾರೆ ಹಿಡಿದು ಒಂದೊಂದೂ ಗುಂಡಿ ತೋಡಿದವನು ಅವನೇ.

“ಯಾರೋ ಕೋಳಿ? ಮೊಣಕಾಲಮಟ ಇಳದು ತೋಡೇನಿ! ಯಾವ ಗಿಡ ಸತ್ತೈತಿ, ತೋರಸ!”

“ನೀವ ಹೇಳಿದ್ರಲ್ಲ!”

“ನಾ ಹೇಳಿದ್ರ ನಿನಗ ಕಣ್ಣಿಲ್ಲೇನು?” ಲಾಲು ಕುಕ್ಕರಗಾಲಲ್ಲಿ ಕುಳಿತು ಸಸಿಯ ತೊಗಟೆಯನ್ನು ಉಗುರಿನಿಂದ ಕೆರೆದ. ಒಳಗೆ ಎಳೆ ಹಸಿರು ಫಳಕ್ಕೆಂದಿತು. “ಇದೇನು? ನಿಮ್ಮಪ್ಪನ ರುಮಾಲೇನು? ಹಸರ ಐತಿ!”

ಬೊಟ್ಟು ಇಟ್ಟ. ಮತ್ತೊಂದನ್ನು ಕೆರೆದ, ಅದೂ ಹಸಿರು. ಮೇಲೆಲ್ಲ ಒಣಗಿದ್ದೊಂದು ಬುಡದಲ್ಲಿ ಕುಡಿಯೊಡೆದಿತ್ತು. ಅದಕ್ಕೆ ಎರಡು ಬೊಟ್ಟು. ಮೊದಲ ಸಾಲಿಗೆ ವಾಪಸು ಓಡಿದ. ಸುಭಾಸನ ತೋಳು ಹಿಡಿದು ಎಳೆದ. ಮೀಸೆಗೆ ಸುಣ್ಣ, ಅಂಗಿಗೆ ಸುಣ್ಣ, ಗಾರ್ಡನ ಟೊಪ್ಪಿಗೆಗೂ ಸುಣ್ಣ. ಧರ್ಮಿಬಾಯಿ ಸೆರಗು ಕಚ್ಚಿಕೊಂಡು ಹಿಂದೆಹಿಂದೆ ಬಂದಳು. ಬಾಯಿಬಿಟ್ಟರೆ ಎಲ್ಲಿ ಅವನಿಗೆ ಎಚ್ಚರವಾಗಿಬಿಡುತ್ತದೋ ಎಂದು ಉಸಿರನ್ನೂ ಬಿಗಿಹಿಡಿದಿದ್ದಳು.

“ಸಾಕ್ರಿ ಲಾಲು ಅಣ್ಣಾ, ಅರ್ಧ ದಾಟೇತಿ,” ಎಂದ ಸುಭಾಸ.

“ಅರ್ಧ ಯಾಕ? ಆ ಮೂಲಿ ಯಾರು ಎಣಸಬೇಕು?”

ಆ ಮೂಲೆಯಲ್ಲಿ ಪಕ್ಕದ ಗೋದುಬಾಯಿಯ ಎಮ್ಮೆ ಬೇಲಿ ನುಗ್ಗಿ ಬಂದು, ಒಂದು ಸಸಿಗೆ ಕತ್ತು ಒತ್ತಿ ಹಾಯಾಗಿ ತುರಿಸಿಕೊಳ್ಳುತ್ತಿತ್ತು. ಸಸಿ ಬಿಲ್ಲಿನಂತೆ ಬಾಗಿತ್ತು.

“ಏಯ್! ನನ್ನ ಗಿಡಾ!” ಲಾಲು ಬಕೆಟ್ಟಿನ ಸುಣ್ಣವನ್ನೆಲ್ಲ ಎಮ್ಮೆಯ ಮೇಲೆ ಎರಚಿದ. ಅರ್ಧ ಬೆಳ್ಳಗಾದ ಎಮ್ಮೆ ಸಾಲುಗಳ ನಡುವೆ ದಿಕ್ಕೆಟ್ಟು ಓಡಿತು.

ಧರ್ಮಿಬಾಯಿಗೆ ಇನ್ನು ತಡೆಯಲಾಗಲಿಲ್ಲ. “ಯಾರ ಗಿಡಾ ಅಂದ್ರಿ, ನಮ್ಮ ಬಾಲೂನ ಅಪ್ಪಾ?”

ಲಾಲು ಇನ್ನೂ ಜೋರಾಗಿ ಒದರಿದ.

“ನಗೂದು ಆಮ್ಯಾಲ ನಗು! ಮದ್ಲ ಆ ಕಡಿಂದ ಅಡ್ಡ ಬಾ, ತುಳೀತೈತಿ!”

ಅವಳು ಹೊಟ್ಟೆ ಹಿಡಿದು ನಗುತ್ತಲೇ ಸೀರೆ ಎತ್ತಿ ಕಟ್ಟಿ ಓಡಿದಳು.