ಒರೆಸುವ ಬಟ್ಟೆ

ಶುಕ್ರವಾರದ ಅಳತೆಯಲ್ಲೂ ನೀಲಿ ಉಳಿದರೆ ಈ ವಿಷಯ ಕೈಬಿಡಬೇಕು ಎಂದು ನನ್ನ ಗೈಡ್ ಗುರುಮೂರ್ತಿ ಸರ್ ಫೋನಿನಲ್ಲಿ ಹೇಳಿದರು. ನನ್ನ ಪಿಎಚ್‌ಡಿಗೆ ಅದು ನಾಲ್ಕನೇ ವರ್ಷ. ಹೂಂ ಎಂದೆ.

ನನ್ನ ಕೆಲಸ ಎರಡು ಬಣ್ಣಗಳದು. ಒಂದರ ಅಣುಗಳು ಬೆಳಕು ಹಿಡಿದು, ಆ ಶಕ್ತಿಯನ್ನು ಪಕ್ಕದ ಬಣ್ಣಕ್ಕೆ ದಾಟಿಸಬೇಕು. ಜೋಡಣೆ ಸರಿಯಿದ್ದರೆ ಮೊದಲನೆಯದರ ನೀಲಿ ಹೊಳಪು ಆರಿ ಎರಡನೆಯದು ಕೆಂಪಗೆ ಹೊಳೆಯುತ್ತದೆ. ಎಂಟು ತಿಂಗಳಿಂದ ಕೆಂಪು ಬರುತ್ತಿತ್ತು, ನೀಲಿ ಆರುತ್ತಿರಲಿಲ್ಲ. ಅಣುಗಳ ನಡುವಿನ ದೂರ ಬದಲಿಸಿದೆ, ದ್ರಾವಕ ಬದಲಿಸಿದೆ. ಹನ್ನೊಂದು ಜೋಡಣೆ ಕೆಟ್ಟವು.

ಒಂಬತ್ತು ತಿಂಗಳ ಹಿಂದೆ ನನ್ನ ಗಂಡ ಮಾರೇಶ್ ತೀರಿಕೊಂಡಾಗ ಅವನ ಬಟ್ಟೆಗಳನ್ನೆಲ್ಲ ಹಂಚಿಬಿಟ್ಟಿದ್ದರು. ಒಂದು ಬಿಳಿ ಅಂಗಿಯನ್ನು ಪುಸ್ತಕದ ಚೀಲದಲ್ಲಿ ಬಚ್ಚಿಟ್ಟಿದ್ದೆ. ಅದರ ತೋಳು ಕತ್ತರಿಸಿ, ಲ್ಯಾಬಿನ ಗಾಜು ಒರೆಸಲು ಇಟ್ಟುಕೊಂಡೆ. ಒಮ್ಮೆ ಅದು ಅತ್ತೆ ಎರ್ರೆಮ್ಮನ ಕೈಗೆ ಸಿಕ್ಕಿತು. ಪ್ರತಿ ಭಾನುವಾರ ಒಗೆದು ಕೊಡತೊಡಗಿದರು.

ಬುಧವಾರ ಮಧ್ಯಾಹ್ನ ಕೂಡ್ಲಿಗಿಯ ಮನೆಯಲ್ಲಿ, ಬಚ್ಚಲ ಬಾಗಿಲು ಹಾಕಿಕೊಂಡು, ಲ್ಯಾಬಿನಿಂದ ತಂದಿದ್ದ ಹನ್ನೆರಡನೆಯ ಜೋಡಣೆಯ ಸೀಸೆಗೆ ನೇರಳಾತೀತ ಟಾರ್ಚು ಹಿಡಿದೆ. ಕೆಂಪು. ಗಾಜಿನ ಮೇಲೆ ಅಲ್ಲಲ್ಲಿ ನೀಲಿ.

"ಏ ಕ್ರಾಂತಿ, ಕತ್ತಲಾಗ ಏನ್ ಮಾಡಾಕತ್ತೀಯವ್ವಾ? ನಾ ನೀರು ಕಾಸೋದೈತಿ."

"ಬಣ್ಣ ನೋಡಾಕತ್ತೀನ್ರಿ ಅತ್ತಿ."

"ನಾಕು ವರ್ಷ ನೋಡಿದ್ರೂ ಮುಗೀಲಿಲ್ಲನು? ಮಂಜಮ್ಮನ ಅಂಗಡಿಗೆ ಹೋಗಿದ್ರ ಸೀರಿಗೆ ಬ್ಲೌಸು ಹೊಂದಿಸಿದಂಗ ಒಂದ್ ತಾಸಿನಾಗ ಹೊಂದಿಸಿ ಕೊಡ್ತಿದ್ಲು."

ತಿರುಗುವಾಗ ಟಾರ್ಚಿನ ಬೆಳಕು ಗೂಟದ ಮೇಲೆ ಬಿತ್ತು. ಭಾನುವಾರ ಒಗೆದು ಅಲ್ಲಿ ತೂಗುಹಾಕಿದ್ದ ಅಂಗಿಯ ತೋಳು ನೀಲಿಯಾಗಿ ಉರಿಯುತ್ತಿತ್ತು.

ಬಾಗಿಲು ತೆಗೆದೆ. "ಇದಕ್ಕ ಏನ್ ಹಾಕಿ ಒಗಿತೀರಿ?"

"ಸೋಪಿನ ಪುಡಿ. ಬೆಳ್ಳಗ ಹೊಳಿತೈತಂತ ಟಿವ್ಯಾಗ ತೋರಿಸ್ತಾರಲ್ಲ, ಅದು. ಇದೊಂದಕ್ಕ ಎರಡು ಚಮಚ ಜಾಸ್ತಿ. ಅಂಗಿ ಮಾಸಿದ್ರ ಅವಂಗ ಆಗ್ತಿರಲಿಲ್ಲಲ್ಲ."

ಬಿಳುಪು ಎದ್ದು ಕಾಣಲೆಂದು ಆ ಪುಡಿಗೆ ಹಾಕುವ ಬಣ್ಣವೂ ಕಾಣದ ಬೆಳಕನ್ನು ಹಿಡಿದು ನೀಲಿ ಸೂಸುತ್ತದೆ. ಎಂ.ಎಸ್ಸಿ. ಹುಡುಗಿಯರಿಗೂ ಗೊತ್ತಿರುವ ಸಂಗತಿ. ಒರೆಸಿದಾಗಲೆಲ್ಲ ಬಟ್ಟೆಯ ಎಳೆಗಳು ಗಾಜಿಗೆ ಅಂಟುತ್ತಿದ್ದವು. ಬಣ್ಣವಿಲ್ಲದ ಬರೀ ದ್ರಾವಕವನ್ನು ಒಮ್ಮೆ ಅಳೆದಿದ್ದರೆ ಅಂದೇ ತಿಳಿಯುತ್ತಿತ್ತು. ಮಾರೇಶ್ ಇದ್ದಾಗ ತೆಗೆದಿದ್ದ ಅಂಥ ಅಳತೆಯನ್ನೇ ನಾನು ಪ್ರತಿ ಸಲ ಬಳಸುತ್ತಿದ್ದೆ. ಹೊಸದಾಗಿ ತೆಗೆಯಲು ಕೈ ಏಳುತ್ತಿರಲಿಲ್ಲ.

ಶುಕ್ರವಾರ ಲ್ಯಾಬಿನಲ್ಲಿ ಬೇರೆ ಗಾಜು ತೆಗೆದುಕೊಂಡು ಕಾಗದದಿಂದ ಒರೆಸಿದೆ. ನೀಲಿ ಇರಲಿಲ್ಲ.

"ಏನು ಬದಲಾಯಿಸಿದ್ರಿ?" ಎಂದರು ಸರ್.

"ಒರೆಸೋ ಬಟ್ಟೆ, ಸರ್."

ಅವರು ಪರದೆಯ ಮೇಲೆ ಹಿಂದಿನ ಅಳತೆಯನ್ನೂ ಪಕ್ಕಕ್ಕೆ ತೆರೆದರು. "ಹಂಗಾದ್ರೆ ಹಳೇವು ಹನ್ನೊಂದನ್ನೂ ಮತ್ತೆ ಅಳೀರಿ."

ಹನ್ನೊಂದರಲ್ಲಿ ಆರನ್ನು ನಾನೇ ಚೆಲ್ಲಿದ್ದೆ. ಅವನ್ನು ಮೊದಲಿನಿಂದ ಮಾಡಬೇಕು. ಮೊದಲನೆಯ ಜೋಡಣೆಯೇ ಸರಿಯಿದ್ದಿರಬಹುದು.

ಭಾನುವಾರ ಅತ್ತೆ ತೋಳು ಕೇಳಿದರು.

"ಮಾಸಿಲ್ರಿ. ಇನ್ನ ಅದನ್ನ ಲ್ಯಾಬಿಗೆ ಒಯ್ಯಂಗಿಲ್ಲ."

"ಆದ್ರೂ ಕೊಡು."

ಕೊಟ್ಟೆ. ಅವರು ಬಕೆಟ್ಟಿಗೆ ಪುಡಿ ಸುರಿದರು.